ದಪ್ಪಗಾದ ಚುಕ್ಕಿ

ಬೆಳಗಿನ ಐದೂವರೆ. ವೀಕ್ಷಣಾಲಯದ ಕಚೇರಿಯ ನೆಲಮಾಳಿಗೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಬೆಟ್ಟದ ಮೇಲಿನ ದೂರದರ್ಶಕ ರಾತ್ರಿಯೆಲ್ಲ ತೆಗೆದ ಚಿತ್ರಗಳು ಇದೀಗ ಬಂದು ತಲುಪಿವೆ. ಐವತ್ತೊಂಬತ್ತರ ಹೆಂಗಸೊಬ್ಬರು ಸ್ವೆಟರಿನ ತೋಳನ್ನು ಮೊಣಕೈವರೆಗೆ ಏರಿಸಿ, ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು, ಪರದೆಗೆ ಮುಖವೊಡ್ಡಿ ಕೂರುತ್ತಾರೆ. ಬೂದುಬಣ್ಣದ ಚೌಕದೊಳಗೆ ಚೆಲ್ಲಿದ ರವೆಯಂತೆ ಚುಕ್ಕಿಗಳು. "ಇದು ಬೇಡ, ಗಾಳಿ ಹೊಡೆದಿದೆ. ಇದೂ ಬೇಡ. ಹಾಂ, ಇದು ಪರವಾಗಿಲ್ಲ," ಎಂದು ತಮ್ಮಷ್ಟಕ್ಕೆ ಗೊಣಗುತ್ತಾರೆ.

ಕಚೇರಿಯಲ್ಲಿ ಎಲ್ಲರಿಗೂ ಇವರು ಚುಕ್ಕಿ ಅಕ್ಕ. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.

ನಮ್ಮ ಆಕಾಶಗಂಗೆಯ ನಟ್ಟನಡುವೆ ನಲವತ್ತು ಲಕ್ಷ ಸೂರ್ಯರಷ್ಟು ತೂಕದ ಕಪ್ಪುಕುಳಿಯೊಂದಿದೆ. ಅದು ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಅದರ ಸುತ್ತ ತಿರುಗುವ ನಕ್ಷತ್ರಗಳು ಮಾತ್ರ. ಅವು ಯಾವತ್ತು ಎಲ್ಲಿದ್ದವು ಎಂದು ವರ್ಷಗಟ್ಟಲೆ ಗುರುತು ಹಾಕುತ್ತ ಹೋದರೆ, ನಡುವೆ ಕೂತಿರುವುದು ಏನು, ಎಷ್ಟು ಭಾರದ್ದು ಎಂಬುದು ತಿಳಿಯುತ್ತದೆ. ಆ ಗುರುತು ಹಾಕುವುದೇ ಅಕ್ಕನ ಕೆಲಸ. ದಿನಕ್ಕೆ ಇನ್ನೂರರಿಂದ ಮುನ್ನೂರು ಚಿತ್ರ ಬರುತ್ತವೆ. ಗಾಳಿ ಅಲುಗಿ ಚುಕ್ಕಿ ಮಸುಕಾದವು ಅರ್ಧಕ್ಕರ್ಧ, ಅವು ಕಸಕ್ಕೆ. ಉಳಿದವುಗಳಲ್ಲಿ ಇಪ್ಪತ್ತೆಂಟು ನಕ್ಷತ್ರಗಳ ಜಾಗವನ್ನು ಒಂದೊಂದಾಗಿ ಅಳೆಯಬೇಕು. ಮೂವತ್ತೊಂದು ವರ್ಷದಿಂದ ಇದೇ ಇಪ್ಪತ್ತೆಂಟು.

"ಟೈಪಿಸ್ಟ್ ಅಂತ ಸೇರಿದ್ದು ನಾನು. ಆರು ತಿಂಗಳ ಮಟ್ಟಿಗೆ ಕೆಳಗಡೆ ಕೂತ್ಕೊಳಿ ಅಂದ್ರು. ಕೂತೆ. ಮೇಲಕ್ಕೆ ಕರೆಯೋದನ್ನ ಮರೆತೇಬಿಟ್ರು," ಎಂದು ನಗುತ್ತಾರೆ. ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಕೋಣೆಗೆ ಕಿಟಕಿಯಿಲ್ಲ. ಗೋಡೆಯ ಒಂದು ಮೂಲೆ ತೇವ ಹಿಡಿದು ಸುಣ್ಣ ಉದುರುತ್ತದೆ. ಕತ್ತು ಬಗ್ಗಿಸಿ ಬಗ್ಗಿಸಿ ಅಕ್ಕನ ಎಡ ಭುಜ ಸೆಟೆದುಹೋಗಿದೆ. ಆ ಕೈಯಲ್ಲಿ ಲೋಟ ಎತ್ತಲೂ ಆಗುವುದಿಲ್ಲ. ಚಳಿಗಾಲದಲ್ಲಿ ಕಂಪ್ಯೂಟರಿನ ಬಿಸಿಗಾಳಿಗೆ ಬೆರಳು ಒಡ್ಡಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ.

ಇಪ್ಪತ್ತೆಂಟರಲ್ಲಿ ಒಂದು ನಕ್ಷತ್ರ ಹದಿನಾರು ವರ್ಷಕ್ಕೊಂದು ಸುತ್ತು ಮುಗಿಸುತ್ತದೆ. ಕಪ್ಪುಕುಳಿಯ ತೀರ ಹತ್ತಿರ ಬಂದಾಗ ಸೆಕೆಂಡಿಗೆ ಏಳು ಸಾವಿರ ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡುತ್ತದೆ. ಕಳೆದ ಸಲ ಅದು ಹಾಗೆ ಬಂದಾಗ ವಿಜ್ಞಾನಿಗಳೆಲ್ಲ ತುದಿಗಾಲಲ್ಲಿ ನಿಂತಿದ್ದರು. ಆ ವಾರಗಳಲ್ಲೇ ಅಕ್ಕ ಒಂದು ಚಿತ್ರ ಹಿಡಿದು ಮಹಡಿ ಹತ್ತಿದರು.

"ಸರ್, ಈ ಚುಕ್ಕಿ ದಪ್ಪಗಾಗಿದೆ. ಇದು ಒಂದಲ್ಲ, ಎರಡು."

"ಗಾಳಿ ಅಲುಗಾಡಿರುತ್ತೆ, ಬಿಡಿ ಅಕ್ಕ," ಎಂದರು ಹಿರಿಯ ವಿಜ್ಞಾನಿ.

"ಗಾಳಿ ಅಲುಗಾಡಿದ್ರೆ ಪಕ್ಕದ ಚುಕ್ಕಿನೂ ದಪ್ಪ ಆಗ್ಬೇಕಿತ್ತಲ್ಲ ಸರ್?"

ಅಕ್ಕ ಕೆಳಗೆ ಬಂದು ಹಿಂದಿನ ಒಂಬತ್ತು ವರ್ಷಗಳ ಚಿತ್ರಗಳನ್ನು ಮತ್ತೆ ತೆರೆದರು. ಬೆಳಿಗ್ಗೆ ಕೂತವರು ಸಂಜೆಗೂ ಏಳುತ್ತಿರಲಿಲ್ಲ. ಮೂರು ತಿಂಗಳ ಹುಡುಕಾಟದ ಮೇಲೆ, ಮಸುಕಾದ ಮತ್ತೊಂದು ನಕ್ಷತ್ರ ಮೆಲ್ಲಗೆ ತೆವಳುತ್ತ ಬಂದು ಸರಿಯಾಗಿ ಅದೇ ಜಾಗಕ್ಕೆ ಸೇರಿದ್ದು ಸಿಕ್ಕಿತು. ಎರಡರ ಬೆಳಕು ಬೆರೆತು ಅಳತೆ ಪಕ್ಕಕ್ಕೆ ಜರುಗಿತ್ತು. ಹಾಗೇ ಬಿಟ್ಟಿದ್ದರೆ ಇಡೀ ಲೆಕ್ಕ ತಪ್ಪುತ್ತಿತ್ತು. ಹಿರಿಯರು ತಾವೇ ಮೆಟ್ಟಿಲಿಳಿದು ಬಂದು, "ತಪ್ಪಾಯ್ತು ಅಕ್ಕ," ಎಂದರು. ಆ ಲೆಕ್ಕದ ಸಂಶೋಧನಾ ಪ್ರಬಂಧ ಅಚ್ಚಾದಾಗ ಕೊನೆಯ ಪುಟದ ಕೃತಜ್ಞತೆಯಲ್ಲಿ 'ಅಳತೆ ವಿಭಾಗದ ಸಿಬ್ಬಂದಿ' ಎಂದಿತ್ತು. ವಿಭಾಗದಲ್ಲಿ ಇದ್ದದ್ದು ಇವರೊಬ್ಬರೇ.

ಈಗ ಆ ನಕ್ಷತ್ರ ಮತ್ತೆ ಹತ್ತಿರವಾಗುತ್ತಿದೆ. ಬರುವ ವರ್ಷದ ಬೇಸಿಗೆಗೆ ತಲುಪುತ್ತದೆ. ಅದಕ್ಕೆ ಐದು ತಿಂಗಳು ಮುಂಚೆ ಅಕ್ಕ ನಿವೃತ್ತರಾಗುತ್ತಾರೆ, ಕೋಣೆಗೆ ಬೀಗ ಬೀಳುತ್ತದೆ. ಅಳತೆಯನ್ನು ಇನ್ನು ಮುಂದೆ ಕಂಪ್ಯೂಟರೇ ಮಾಡುತ್ತದೆ. ಯಾವ ಚಿತ್ರ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಅದಕ್ಕೆ ಕಲಿಸಲು ಅಕ್ಕ ಬೇರ್ಪಡಿಸಿಟ್ಟ ಚಿತ್ರಗಳನ್ನೇ ಬಳಸಿದ್ದಾರೆ. "ಚೆನ್ನಾಗೇ ಕಲ್ತಿದೆ. ನನಗಿಂತ ಬೇಗ. ಅದಕ್ಕೆ ಭುಜ ಬೇರೆ ನೋಯಲ್ಲ," ಎನ್ನುತ್ತಾರೆ. ನಕ್ಷತ್ರ ಹತ್ತಿರವಾಗುವ ದಿನಗಳಲ್ಲಿ ಬಂದು ನೋಡಬಹುದೇ ಎಂದು ನಿರ್ದೇಶಕರನ್ನು ಕೇಳಿದ್ದಾರಂತೆ. "ನೋಡೋಣ ಅಂದಿದ್ದಾರೆ. ನೋಡೋಣ ಅಂದ್ರೆ ಏನು ಅಂತ ನಮಗೆ ಗೊತ್ತಿಲ್ವಾ?"

ಅಕ್ಕನ ಮನೆ ಕಚೇರಿಯಿಂದ ಎರಡು ಬಸ್ಸಿನ ದೂರ. ಮೂರನೇ ಮಹಡಿಯ ಎರಡು ಕೋಣೆ. ಮಗಳು ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಅಮ್ಮನ ಕಚೇರಿಗೆ ಒಮ್ಮೆಯೂ ಕಾಲಿಟ್ಟಿಲ್ಲ. ಯಾಕೆ ಎಂದು ಕೇಳಿದರೆ ತರಕಾರಿ ಹೆಚ್ಚುವುದನ್ನು ನಿಲ್ಲಿಸುತ್ತಾಳೆ. "ಅಮ್ಮನ್ನೇ ಕೇಳಿ."

ಅಕ್ಕ ತಾವಾಗಿಯೇ ಹೇಳುತ್ತಾರೆ. ಗಂಡ ಲೇತ್ ಯಂತ್ರದ ಕೆಲಸಗಾರ. ಚುಕ್ಕಿ ದಪ್ಪಗಾದ ಆ ದಿನಗಳಲ್ಲೇ ಒಂದು ಸಂಜೆ ಊಟ ಅರ್ಧಕ್ಕೆ ಬಿಟ್ಟು, "ಹೊಟ್ಟೆಯಲ್ಲಿ ಏನೋ ಹಿಡಿದಂಗಾಗ್ತಿದೆ ಕಣೇ," ಎಂದಿದ್ದರು. "ಇದೊಂದು ಮುಗೀಲಿ ರೀ, ಬರೋ ವಾರ ಡಾಕ್ಟ್ರ ಹತ್ರ ಹೋಗೋಣ," ಎಂದಿದ್ದರು ಅಕ್ಕ. ಬರುವ ವಾರ ಮತ್ತೆ ಬರುವ ವಾರವಾಯಿತು. ಅವರೂ ಒತ್ತಾಯ ಮಾಡಿದವರಲ್ಲ. ಅಂಗಡಿಯ ಮಾತ್ರೆ ನುಂಗಿಕೊಂಡು ಕೆಲಸಕ್ಕೆ ಹೋದರು. ಕೊನೆಗೆ ಕರೆದುಕೊಂಡು ಹೋದಾಗ ವೈದ್ಯರು ಅಕ್ಕನನ್ನು ಹೊರಗೆ ಕರೆದು, ಸ್ವಲ್ಪ ಮುಂಚೆ ಬರಬೇಕಿತ್ತು ಎಂದರು. ಪ್ರಬಂಧ ಅಚ್ಚಾಗುವಷ್ಟರಲ್ಲಿ ಅವರು ಇರಲಿಲ್ಲ. ಮಗಳಿಗೆ ಆಗ ಹನ್ನೆರಡು.

"ಅಮ್ಮ ಯಾವ ಕೆಲಸಕ್ಕೂ ತಡ ಮಾಡಿದವಳಲ್ಲ," ಎನ್ನುತ್ತಾಳೆ ಮಗಳು, ತಲೆಯೆತ್ತದೆ. "ಅದೊಂದಕ್ಕೆ ಬಿಟ್ಟು."

ಅಕ್ಕ ಅದನ್ನು ಅಲ್ಲಗಳೆಯುವುದಿಲ್ಲ. ಸೆರಗಿನ ಅಂಚು ಸರಿಮಾಡುತ್ತಾರೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದು ಎದುರಿಗೆ ಕೂತವರ ಪುಸ್ತಕದತ್ತ ಕಣ್ಣು ಹಾಯಿಸಿ, "ಏನು ಬರ್ಕೊಂಡ್ರಿ? ಓದಿ," ಎನ್ನುತ್ತಾರೆ.

'ಗಂಡನನ್ನು ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಕೆಲವು ವಾರಗಳು ಕಳೆದಿದ್ದವು' ಎಂಬ ಸಾಲು ಕೇಳಿ ಕೈ ಅಡ್ಡ ಹಿಡಿಯುತ್ತಾರೆ.

"ಕೆಲವು ವಾರ ಅಂತ ಬರೀಬೇಡಿ. ನಲವತ್ತೊಂದು ದಿನ. ಸರಿಯಾಗಿ ಬರೀರಿ."