ಯಮುನಮ್ಮ ಹಳ್ಳ ದಾಟಿದ್ದು

ನಿಟ್ಟೂರು ಕಡೆಯ ಯಮುನಮ್ಮ ಮತ್ತು ಶರಾವತಿ ಅವಳಿಗಳು. ಮದುವೆಯಾದದ್ದೂ ಒಂದೇ ಚಪ್ಪರದಡಿ. ಅಕ್ಕ ಮೇಲಿನಕೇರಿಗೆ, ತಂಗಿ ಹಳ್ಳದಾಚೆಯ ಕೆಳಗಿನಕೇರಿಗೆ. ಆ ಎರಡು ಕೇರಿಗಳನ್ನೂ ಜನ ಅವಳಿ ಎಂದೇ ಕರೆಯುತ್ತಿದ್ದರು. ಈ ಕೇರಿಯ ಗದ್ದೆಗೆ ವರ್ಷದ ಮೊದಲ ಸಸಿ ನೆಡುವುದು ಆ ಕೇರಿಯ ಹೆಂಗಸು, ಅಲ್ಲಿಗೆ ಇಲ್ಲಿಯವಳು. ಮೂವತ್ತು ವರ್ಷಗಳಿಂದ ತಂಗಿಯ ಗದ್ದೆಗೆ ಯಮುನಮ್ಮನದೇ ಕೈ. ಅವಳ ಗಂಡ ತೀರಿಕೊಂಡ ವರ್ಷ "ಗಂಡ ಸತ್ತವಳ ಕೈ ಬೇಡ" ಎಂದವರ ಎದುರೇ ಶರಾವತಿ ಅಕ್ಕನಿಗೆ ಸಸಿಯ ಕಟ್ಟು ಕೊಟ್ಟಿದ್ದಳು.

ಈ ವರ್ಷ ಎರಡೂ ಕೇರಿಗೆ ಸೇರಿದ ರಸ್ತೆಯಲ್ಲಿ ಹೊಸ ಬಸ್ ತಂಗುದಾಣವಾಯಿತು. ಬೋರ್ಡಿನ ಮೇಲೆ ಯಾವ ಕೇರಿಯ ಹೆಸರು ಎಂದು ಗಂಡಸರಲ್ಲಿ ಜಗಳ ಹತ್ತಿಕೊಂಡಿತು. ಕೊನೆಗೆ ಎರಡೂ ಕಡೆಯವರು ಕಟ್ಟುಪಾಡು ಮಾಡಿದರು: ಹಳ್ಳ ದಾಟಿ ಆಚೆ ಕೇರಿಯ ಕೆಲಸಕ್ಕೆ ಹೋದವರ ಗದ್ದೆಗೆ ಅವರದೇ ಕೇರಿಯ ಯಾರೂ ಇಳಿಯಬಾರದು.

ತಂಗಿಯ ಗದ್ದೆಯಲ್ಲಿ ಸಸಿ ನೆಡುವ ನೆಟ್ಟಿಯ ಬೆಳಿಗ್ಗೆ ಯಮುನಮ್ಮ ಸೀರೆ ಎತ್ತಿ ಕಟ್ಟಿ ಹೊರಟಳು. ಗಂಡನ ಅಣ್ಣ ಶೇಷಪ್ಪ, ಮೇಲಿನಕೇರಿಯ ಯಜಮಾನ, ದಾರಿಗೆ ಅಡ್ಡ ನಿಂತ.

"ಎತ್ಲಾಗೆ ಯಮುನಾ?"

"ತಂಗಿ ಗದ್ದೆಗೆ, ಬಾವ."

"ನಾಡಿದ್ದು ನಿಂದೇ ನೆಟ್ಟಿ. ಒಂದ್ ಆಳೂ ಬರಲ್ಲ, ತಿಳ್ಕೊ."

"ಬರದಿದ್ರೆ ಬಿಡಿ. ನನ್ ಕೈ ಅಪಶಕುನ ಅಂದಾಗ ಹಿಡ್ಕೊಂಡೋಳು ಅವ್ಳು. ಆವತ್ತು ನಿಮ್ ಕೇರಿ ಬಾಯಿ ಬಿಡ್ತಾ?"

"ಇದು ಬೋರ್ಡಿನ ಮರ್ಯಾದೆ ಪ್ರಶ್ನೆ!"

"ಹಂಗಾದ್ರೆ ಬೋರ್ಡನ್ನೇ ಗದ್ದೇಲಿ ನೆಡಿ. ಬೆಳೆ ಬಂದ್ರೆ ನಂಗೂ ಒಂದ್ ಸೇರು ಕೊಡಿ."

ಹಿಂತಿರುಗಿ ನೋಡದೆ ಅವಳು ಹಳ್ಳಕ್ಕಿಳಿದಳು. ಆ ದಿನ ತಂಗಿಯ ಗದ್ದೆಯ ಮೊದಲ ಸಸಿ ಅವಳೇ ನೆಟ್ಟಳು.

ಮೂರನೆಯ ದಿನ ಯಮುನಮ್ಮನ ಗದ್ದೆಗೆ ಕೇರಿಯವರು ಯಾರೂ ಬರಲಿಲ್ಲ. ಕಿತ್ತಿಟ್ಟ ಸಸಿ ಬಾಡುವ ಮೊದಲು ಒಂದೆಕರೆ ಮುಗಿಯದಿದ್ದರೆ ವರ್ಷದ ಅಕ್ಕಿ ಹೋದಂತೆಯೇ. ಅವಳು ಒಬ್ಬಳೇ ಇಳಿದು ನಾಲ್ಕು ಸಾಲು ನೆಡುವಷ್ಟರಲ್ಲಿ ಶರಾವತಿ ತನ್ನ ಸೊಸೆ ಕವನಾಳೊಂದಿಗೆ ಹಳ್ಳ ದಾಟಿ ಬಂದಳು.

"ನೀ ಯಾಕ್ ಬಂದ್ಯೇ? ಮುಂದೆ ಕೊಯ್ಲಿಗೆ ನಿಂಗೂ ಆಳು ಸಿಗಲ್ಲ."

"ನೀನಿದ್ಯಲ್ಲ. ಮಾತು ಸಾಕು, ಸರ್ಕೋ."

ಮಧ್ಯಾಹ್ನ ಶೇಷಪ್ಪ ಗದ್ದೆಯ ಅಂಚಿನ ಮೇಲೆ ಬಂದು ನಿಂತ. "ಮೂರ್ ಜನ ಒಂದೆಕರೆ ಮುಗಿಸ್ತೀರಾ?" ಎಂದು ನಕ್ಕ.

ಯಮುನಮ್ಮ ಸೊಂಟ ನೇರ ಮಾಡಿಕೊಂಡಳು.

"ಒಂಬತ್ ತಿಂಗ್ಳು ಒಂದೇ ಹೊಟ್ಟೇಲಿ ಇಕ್ಕಟ್ಟಾಗಿದ್ದೋರು ನಾವು ಬಾವ. ಒಂದೆಕರೇಲಿ ಕೈ ಕಾಲು ಆಡಿಸೋಕೆ ಬೇಕಾದಷ್ಟು ಜಾಗ ಇದೆ. ನೀವು ಅಂಚಿಂದ ಇಳೀರಿ, ಹಸಿ ಮಣ್ಣು, ಕುಸಿಯುತ್ತೆ."

ಕವನಾ ನಗು ತಡೆಯಲಾರದೆ ತಲೆ ಬಗ್ಗಿಸಿದಳು. ಶೇಷಪ್ಪ ಅಂಚಿನಿಂದ ಇಳಿದು ಬಂದ ದಾರಿಯಲ್ಲೇ ಹೊರಟ. ಅಕ್ಕ ತಂಗಿ ಮುಂದಿನ ಸಾಲು ಹಿಡಿದರು.