ಗಾಜಿನ ಮೇಲೆ ಎರಡು ಬಡಿತ

ಹುಲಗಪ್ಪ ಏಳನೇ ತರಗತಿಗೆ ಶಾಲೆ ಬಿಟ್ಟವನು. ಆದರೂ ಅವನ ಕಾರ್ಡಿನಲ್ಲಿ ‘ಗ್ಲಾಸ್ ಇಂಜಿನಿಯರ್: ರಾಯಚೂರು, ಮಾನ್ವಿ, ದೇವದುರ್ಗ’ ಎಂದು ಅಚ್ಚಾಗಿತ್ತು. ಈ ಇಂಜಿನಿಯರಿಂಗಿನಲ್ಲಿ ಅರ್ಧ ಪಾಲು ಹೆಂಡತಿ ಬೂದೆಮ್ಮನದು. ಕಿಟಕಿ ಗಾಜನ್ನು ಇಬ್ಬರ ನಡುವೆ ನಿಲ್ಲಿಸಿ, ಎರಡೂ ಕೈಯಿಂದ ಹಿಡಿದು ಆಕೆ ಬೈಕಿನ ಹಿಂದೆ ಕೂರುತ್ತಿದ್ದಳು. ಗಾಳಿಯಲ್ಲಿ ಮಾತು ಕೇಳದು. ಅದಕ್ಕೇ ಉಂಗುರದ ಬೆರಳಿನಿಂದ ಗಾಜು ಬಡಿಯುವ ರೂಢಿ. ಒಮ್ಮೆ ಬಡಿದರೆ ‘ನಡಿ’, ಎರಡು ಸಲ ಬಡಿದರೆ ‘ನಿಲ್ಲು’.

“ಇಪ್ಪತ್ತು ವರ್ಷದಿಂದ ಗಾಜಿನಾಗ ನಿನ್ನ ಬೆನ್ನು ನೋಡಾಕತ್ತೀನಿ. ಮಾರಿ ಹ್ಯಾಂಗ ಅದನೋ, ಮರ್ತೇ ಹೋಗ್ಯಾದ,” ಎಂದು ಕಾಡಿಸುವಳು.

ಹೋದ ವರ್ಷ ಡಾಕ್ಟರ್ ಬಸವಲಿಂಗ ತಮ್ಮ ಆಸ್ಪತ್ರೆಯ ಐಸಿಯುಗೆ ಹೈದರಾಬಾದಿನಿಂದ ಕರೆಂಟಿನ ಗಾಜು ತರಿಸಿದರು. ಕರೆಂಟ್ ಹರಿದರೆ ತಿಳಿ, ನಿಂತರೆ ಹಾಲಿನಂತೆ ಬಿಳಿ. ಕೂಡಿಸಿದವನು ಹುಲಗಪ್ಪ. ಡಾಕ್ಟರು ಅದರ ರಿಮೋಟನ್ನು ಪೆನ್ನಿನ ಪಕ್ಕ ಜೇಬಿಗೇ ಸಿಕ್ಕಿಸಿಕೊಂಡರು. ಬಂದವರಿಗೆ ಎರಡು ಸಲ ಪವಾಡ ತೋರಿಸಿದ ಮೇಲೆಯೇ ನಾಡಿ ಹಿಡಿಯುತ್ತಿದ್ದರು.

“ಇದನ್ನೂ ಜನರೇಟರ್‌ಗೆ ಜೋಡಿಸ್ಬೇಕೇನು ಹುಲಗಪ್ಪ?”

“ಬ್ಯಾಡ್ರಿ ಸಾಹೇಬ್ರ. ಮಿಷಿನ್ನಿಗೆ ಕೊಟ್ರ ಸಾಕು. ಹತ್ತು ನಿಮಿಷ ಗಾಜು ಬೆಳ್ಳಗಾದ್ರ ಯಾರ ಜೀವ ಹೋಗ್ತದ?” ಎಂದರು ನಮ್ಮ ಇಂಜಿನಿಯರ್ ಸಾಹೇಬರು.

ಈ ಬೇಸಿಗೆಯಲ್ಲಿ ಬೂದೆಮ್ಮನಿಗೆ ನ್ಯುಮೋನಿಯಾ ಬಲಿತಿತು. ಅದೇ ಗಾಜಿಗೆ ಹತ್ತಿದ ಮಂಚ ಆಕೆಗೆ ಸಿಕ್ಕಿತು. ಒಳಗೆ ಯಾರನ್ನೂ ಬಿಡರು. ಸಂಜೆ ಐದಕ್ಕೆ ಹತ್ತು ನಿಮಿಷ ಗಾಜು ತಿಳಿಯಾಗುವುದು. ಹುಲಗಪ್ಪ ಹೊರಗಿನಿಂದ ಒಮ್ಮೆ ಬಡಿಯುವನು. ಆಕೆ ಮಾಸ್ಕಿನೊಳಗೇ ನಕ್ಕು ಮಂಚದ ಕಂಬಿಗೆ ಒಮ್ಮೆ ಬಡಿಯುವಳು. ಇಪ್ಪತ್ತು ವರ್ಷದ ಮೇಲೆ ಎದುರಾಬದುರು. ನಡುವೆ ಗಾಜಂತೂ ಇದ್ದೇ ಇತ್ತು.

ಐದನೇ ಸಂಜೆ ಅವನು ಗಾಜಿಗೆ ಅಂಗೈ ಊರಿ ನಿಂತಿದ್ದಾಗಲೇ ಆಕೆಯ ಉಸಿರು ಸಿಕ್ಕಿಕೊಂಡಿತು. ಒಳಗೆ ನರ್ಸ್ ಶೈಲಶ್ರೀ ಮಂಚದ ಕಡೆ ಓಡಿದಳು. ಆಗ ಕರೆಂಟ್ ಹೋಯಿತು. ಜನರೇಟರ್ ಗುಡುಗಿತು, ದೀಪ ಬಂದವು, ಮಿಷಿನ್ನುಗಳು ಕೂಗಿಕೊಂಡವು. ಗಾಜು ಮಾತ್ರ ಬಿಳಿ.

“ಸಾಹೇಬ್ರ, ಗಾಜು! ಗಾಜು ನೋಡ್ರಿ!”

ಓಡಿಬಂದ ಡಾಕ್ಟರು ರಿಮೋಟ್ ಒತ್ತಿದರು, ಮತ್ತೊಮ್ಮೆ ಒತ್ತಿದರು. ಅದನ್ನು ಅವನ ಕೈಗೇ ತುರುಕಿ ಒಳಗೆ ನುಗ್ಗಿದರು.

ಹುಲಗಪ್ಪ ಗಾಜಿಗೆ ಎರಡು ಸಲ ಬಡಿದ. ಮತ್ತೆ ಎರಡು ಸಲ. ಮತ್ತೆ ಎರಡು ಸಲ.

ಹದಿನೆಂಟು ನಿಮಿಷಕ್ಕೆ ಗಾಜು ತಿಳಿಯಾಯಿತು. ಬೂದೆಮ್ಮನ ಮುಖದ ಮೇಲೆ ಬಟ್ಟೆ ಎಳೆದಿದ್ದರು.

ಶೈಲಶ್ರೀ ಹೊರಗೆ ಬಂದು ಗೋಡೆಗೆ ಆನಿಕೊಂಡಳು. “ಗಾಜು ಬೆಳ್ಳಗಾದ ಕೂಡ್ಲೇ ನಾನೇ ಹೆದರಿದೆ ಅಣ್ಣಾ. ಅಕ್ಕ ಹೆದರ್ಲಿಲ್ಲ. ತೇಕುತ್ತಲೇ ‘ಕರೆಂಟ್ ಹೋಗ್ಯಾದ, ಅವ ಅಲ್ಲೇ ಅದಾನ’ ಅಂದ್ರು. ನೀವು ಬಡಿಯೋದು ಕೇಳಿಸ್ತಿತ್ತು. ಅವ್ರೂ ಕಂಬಿ ಬಡಿದ್ರು.”

“ಎಷ್ಟು ಸಲ, ಯವ್ವಾ?”

“ಒಂದೇ ಸಲ ರೀ.”

ಮಣ್ಣು ಮಾಡಿದ ಮೂರನೇ ದಿನ ಅವನು ಯಾರೂ ಕರೆಯದೆ ಬಂದು ಗಾಜಿಗೆ ಜನರೇಟರಿನ ತಂತಿ ಎಳೆದ. ಮೇನ್ ತೆಗೆಸಿ ನೋಡಿದ. ಗಾಜು ಒಂದು ಗಳಿಗೆ ಬಿಳಿಯಾಗಿ ತಿಳಿಯಾಯಿತು. ಡಾಕ್ಟರ ಜೇಬಿನಲ್ಲಿ ಪೆನ್ನೊಂದೇ ಇತ್ತು.

ಗೇಟಿನ ಹತ್ತಿರ ಹುಲಗಪ್ಪ ಬೈಕ್ ಚಾಲೂ ಮಾಡಿದ. ಇಂಜಿನ್ ಗುರುಗುಟ್ಟುತ್ತಲೇ ಇತ್ತು.

“ಯಣ್ಣಾ, ಹಿಂದ ಗಾಡಿ ನಿಂತಾವ. ನಡಿ, ನಡಿ,” ಎಂದ ಕಾವಲುಗಾರ.

ಬೈಕ್ ಕದಲಲಿಲ್ಲ.