ಕೇಳದೆ ಕೊಡುವ ಔಷಧ

ಅತ್ತೆಯ ಬಲಗೈ ಹೆಬ್ಬೆರಳಿನ ಉಗುರಿನ ಸಂದಿನಲ್ಲಿ ಕೂದಲೆಳೆಯಷ್ಟು ಹಸಿರು ಗೆರೆ ಇದೆ. ಸೋಪಿಗೂ ಹೋಗುವುದಿಲ್ಲ, ಹುಣಸೆಹಣ್ಣಿಗೂ ಹೋಗುವುದಿಲ್ಲ. ಮದುವೆಯಾದ ಮೊದಲ ವಾರ ಅವರು ನನ್ನ ತಟ್ಟೆಗೆ ರೊಟ್ಟಿ ಹಾಕುವಾಗ ನಾನು ನೋಡಿದ್ದು ಆ ಗೆರೆಯನ್ನೇ.

ಅದು ಕಾಮಣಿ ಔಷಧದ ಗುರುತು. ಕಾಮಾಲೆಗೆ ನಮ್ಮ ಕಡೆ ಕಾಮಣಿ ಎನ್ನುತ್ತಾರೆ. ಶಿಗ್ಗಾಂವಿಯ ಈ ಮನೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ, ಬರಿಹೊಟ್ಟೆಯಲ್ಲಿ ಬಂದವರಿಗೆಲ್ಲ, ಅತ್ತೆ ಒಂದು ಸೊಪ್ಪನ್ನು ಅರೆದು ಹಾಲಿನಲ್ಲಿ ಕಲಸಿ ಕಂಚಿನ ಬಟ್ಟಲಿನಿಂದ ಕುಡಿಸುತ್ತಾರೆ. ಬಟ್ಟಲು ಅವರಿಗೆ ಅವರ ಅತ್ತೆಯಿಂದ ಬಂದದ್ದು. ಅದರ ಜೊತೆ ಕಟ್ಟುಪಾಡುಗಳೂ ಬಂದವು. ಹಣ ಮುಟ್ಟಬಾರದು. ಸೊಪ್ಪು ಕೀಳುವಾಗ ಮಾತಾಡಬಾರದು. ಬಟ್ಟಲು ಹಿಡಿದವಳು ಭಾನುವಾರ ಮನೆ ಬಿಟ್ಟು ಹೋಗಬಾರದು. ಎದುರು ಕುಳಿತವರನ್ನು ಏನನ್ನೂ ಕೇಳಬಾರದು. ಎಷ್ಟು ದಿನವಾಯಿತು, ಜ್ವರ ಇದೆಯೇ, ಯಾವುದನ್ನೂ. ಕೇಳಿದರೆ ಅಂದಿನ ಔಷಧ ಕೆಟ್ಟಂತೆ. ಕುಡಿದವರೂ ‘ಬರ್ತೇನಿ’ ಎನ್ನದೆ, ತಿರುಗಿ ನೋಡದೆ ಹೋಗಬೇಕು.

ಆ ಸೊಪ್ಪು ಯಾವುದೆಂದು ನನಗೆ ಮೊದಲ ಭಾನುವಾರವೇ ಗೊತ್ತಾಯಿತು. ನಾನೂ ಗಂಡನೂ ಓದಿದ ಪ್ರಕೃತಿ ಚಿಕಿತ್ಸಾ ಕಾಲೇಜಿನ ಹಿತ್ತಲಲ್ಲಿ ಅದು ಕುಂಡದಲ್ಲಿತ್ತು, ಹೆಸರಿನ ಚೀಟಿ ಸಮೇತ. ಯಾರಿಗೂ ಹೇಳಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ನಾವಿಬ್ಬರೂ ಒಂದೇ ತರಗತಿಯವರು. ಮೂರನೆಯ ವರ್ಷದಲ್ಲಿ, ಮದುವೆಯ ಮಾತು ಮನೆಗಳಿಗೆ ತಲುಪುವ ಮೊದಲೇ, ನಮ್ಮ ಚಿಕಿತ್ಸಾಲಯದ ನಕ್ಷೆ ತಯಾರಾಗಿತ್ತು. ಪ್ರಯೋಗದ ಪುಸ್ತಕದ ಕೊನೆಯ ಹಾಳೆಯಲ್ಲಿ ನಾನೇ ಸ್ಕೇಲು ಹಿಡಿದು ಎಳೆದದ್ದು. ನೀರಿನ ಚಿಕಿತ್ಸೆಗೊಂದು ಕೋಣೆ, ಮಣ್ಣಿನ ಪಟ್ಟಿಗೊಂದು, ಯೋಗಕ್ಕೊಂದು. ನಾಲ್ಕನೆಯದರಲ್ಲಿ ಒಂದು ಮೇಜು, ಅದರ ಹಿಂದೆ ಒಂದೇ ಎತ್ತರದ ಎರಡು ಕುರ್ಚಿ. ಕೆಳಗೆ ನನ್ನದೇ ಅಕ್ಷರದಲ್ಲಿ ಒಂದು ಸಾಲು: ಭಾನುವಾರ ಔಷಧಕ್ಕೆ ಬರುವವರೇ ನಮ್ಮ ಮೊದಲ ರೋಗಿಗಳು. ಆಗ ನಾನು ಈ ಮನೆಯನ್ನು ನೋಡಿರಲಿಲ್ಲ. ಗಂಡನ ಬಾಯಿಂದ ಅವರ ಅವ್ವನ ಔಷಧದ ಸುದ್ದಿ ಕೇಳಿ, ಒಳ್ಳೆಯ ಉಪಾಯ ಹೊಳೆಯಿತೆಂದು ಖುಷಿಪಟ್ಟಿದ್ದೆ.

ಕಾಲೇಜಿನಲ್ಲಿ ನಾನು ಗಂಡನನ್ನು ‘ನೀ’ ಎನ್ನುತ್ತಿದ್ದೆ. ಈ ಮನೆಗೆ ಬಂದ ಎರಡನೆಯ ದಿನವೇ ‘ನೀವು’ ಎಂಬುದು ಬಾಯಿಗೆ ಬಂತು. ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡು ವರ್ಷದಲ್ಲಿ ಮನೆಯ ಪಕ್ಕಕ್ಕೆ ಹೊಸ ಕೋಣೆಗಳು ಎದ್ದವು. ಅದೇ ಹೊತ್ತಿಗೆ ಅತ್ತೆಯ ಮೊಣಕಾಲುಗಳು ಸೋತವು. ಒಂದು ಸಂಜೆ ಎಣ್ಣೆ ತಿಕ್ಕಿಕೊಳ್ಳುತ್ತಾ, ‘ಅಮಾಸಿ ದಾಟಿದ ರವಿವಾರದಿಂದ ಬಟ್ಟಲ ನೀನ ಹಿಡಿ, ಯವ್ವಾ. ನನಗ ಕೆಳಗ ಕುಂದ್ರಾಕ ಆಗವಲ್ದು,’ ಎಂದರು.

‘ನೀವು ಒಂದ ರವಿವಾರಾನೂ ತಪ್ಪಿಸಿಲ್ಲೇನ್ರಿ, ಅತ್ತೀ?’

‘ಎಲ್ಲೀದು! ಮಾಸೂರಾಗ ನನ್ನ ತಂಗಿ ಮದವಿ ರವಿವಾರ ಬಂತು. ಸೋಮವಾರ ಹೋಗಿ ಖಾಲಿ ಹಂದರಕ್ಕ ಅಕ್ಕಿಕಾಳ ಹಾಕಿ ಬಂದೆ.’ ಹೇಳಿ ನಕ್ಕರು. ‘ಹಂದರ ಭಾಳ ಚಲೋ ಹಾಕಿದ್ರು.’

ನಾನೂ ನಕ್ಕೆ. ಹಾನಗಲ್ಲಿನ ನನ್ನ ತವರು ಇಲ್ಲಿಂದ ದೂರವೇನಲ್ಲ. ಆದರೆ ಅಲ್ಲಿ ಎಲ್ಲರೂ ಮನೆಯಲ್ಲಿ ಸಿಗುವುದು ಭಾನುವಾರ ಮಾತ್ರ.

ಭಾನುವಾರವೆಲ್ಲ ಕಟ್ಟಿಬೀಳುತ್ತೇನೆಂದು ಗಂಡನಿಗೆ ಹೇಳಿದೆ. ‘ವಾರದಾಗ ಒಂದ ಮುಂಜಾನಿ,’ ಎಂದರು. ‘ಬಟ್ಟಲ ನಮ್ಮ ಮನ್ಯಾಗ ಇರೂಮಟ ಮಂದಿ ಬರತಾರ. ನಿನ್ನ ಪ್ಲಾನೂ ಇದ ಇತ್ತಲ್ಲ?’ ಆ ಹಾಳೆಯನ್ನು ಅವರು ಪ್ರೀತಿಯಿಂದ ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದರು. ಪ್ಲಾಸ್ಟಿಕ್ಕಿನೊಳಗಿನ ಸಾಲನ್ನು ಈಗ ಹೊಡೆದುಹಾಕುವಂತಿರಲಿಲ್ಲ.

‘ಏನೂ ಕೇಳದ ಹೆಂಗ ಕುಡಸ್ಲಿ? ಇಷ್ಟ ವರ್ಷ ಕಲ್ತದ್ದ ಕೇಳೂದನ್ನ ಅಲ್ಲೇನ್ರಿ?’

‘ಕುಡದ ಮ್ಯಾಲ ಬಾಜೂ ಕೋಣಿಗೆ ಕಳಸು. ನಾ ಕೇಳ್ತೇನಿ.’

ಅವರಿಗೆ ಅದು ಪರಿಹಾರವಾಗಿ ಕಂಡಿತು. ಎರಡನೆಯ ಕುರ್ಚಿ ಎಲ್ಲಿಗೆ ಹೋಯಿತೆಂದು ನಾನು ಕೇಳಬಹುದಿತ್ತು, ಕೇಳಲಿಲ್ಲ. ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಎರಡು ದಿನದ ನಂತರ ಚಿಕಿತ್ಸಾಲಯದ ಬೋರ್ಡಿನ ಮಾದರಿ ಫೋನಿಗೆ ಬಂತು. ನಮ್ಮಿಬ್ಬರ ಹೆಸರು, ಡಿಗ್ರಿ, ಅದರ ಕೆಳಗೆ ದಪ್ಪ ಹಳದಿ ಅಕ್ಷರದಲ್ಲಿ ‘ಮನೆತನದ ಕಾಮಣಿ ಔಷಧ, ಪ್ರತಿ ರವಿವಾರ’.

ಅಮಾವಾಸ್ಯೆ ದಾಟಿತು. ಬೇಡ ಎನ್ನಲು ಒಂದು ವಾಕ್ಯವೂ ಸಿಗದೆ, ಆ ಭಾನುವಾರ ಮಿಂದು ಬಂದು ಪಡಸಾಲೆಯ ಚಾಪೆಯ ಮೇಲೆ ಕುಳಿತೆ. ಅತ್ತೆ ನನ್ನ ಹಿಂದೆ ಸ್ಟೂಲಿನ ಮೇಲೆ. ಗಂಡ ಪಕ್ಕದ ಕೋಣೆಯಲ್ಲಿ, ಮೇಜಿನ ಹಿಂದೆ. ಅಂಗಳದಲ್ಲಿ ಮೂವತ್ತರ ಹತ್ತಿರ ಜನ.

ಮೊದಲನೆಯವನು ದುಂಡಸಿಯ ಒಬ್ಬ ಮುದುಕ. ‘ಹೊಸಾ ಕೈಯೇನು? ಮೂಗಿನಾಗ ಹಾಕಬ್ಯಾಡವಾ, ತಂಗೀ,’ ಎಂದ. ಅಂಗಳ ನಕ್ಕಿತು. ಕುಡಿದು, ಮೀಸೆ ಒರೆಸಿಕೊಂಡು, ತಿರುಗಿ ನೋಡದೆ ಪಕ್ಕದ ಕೋಣೆಗೆ ಹೋದ. ಕೆಲಸ ಅಷ್ಟೇನೂ ಕಷ್ಟವಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ಮೂರನೆಯವರ ಹೊತ್ತಿಗೆ ನಾನು ಮುಖ ನೋಡುವುದನ್ನು ಬಿಟ್ಟು ಬರಿಯ ಬಾಯಿಗಳನ್ನು ನೋಡುತ್ತಿದ್ದೆ.

ಆಮೇಲೆ ಒಬ್ಬ ತಾಯಿ, ಮಗಳು ಕುಳಿತರು; ಸವಣೂರಿನವರೆಂದು ಹಿಂದೆ ನಿಂತವರು ಅಂದರು. ತಾಯಿ ಹೊಲಿಗೆಯವಳಿರಬೇಕು. ಬುರ್ಖಾದ ಮೇಲೆ ಅಳತೆಯ ಟೇಪು ಕುತ್ತಿಗೆಯಲ್ಲೇ ಉಳಿದಿತ್ತು. ಮಗಳು ಬಸುರಿ, ಕಣ್ಣು ಪೂರ್ತಿ ಹಳದಿ. ಅಂಗೈಯನ್ನು ಬಿಡದೆ ಕೆರೆದುಕೊಳ್ಳುತ್ತಿದ್ದವಳು ಕುಳಿತಲ್ಲೇ ತೂಕಡಿಸಿ ತಾಯಿಯ ಭುಜಕ್ಕೆ ಒರಗಿದಳು. ಬಟ್ಟಲು ಅವಳ ತುಟಿಯಿಂದ ನಾಲ್ಕು ಬೆರಳು ದೂರದಲ್ಲಿತ್ತು.

‘ಎಷ್ಟು ತಿಂಗಳಾಗ್ಯಾವ್ರಿ?’ ಎಂದು ಕೇಳಿದೆ.

ತಾಯಿ ನನ್ನನ್ನು ಬಿಟ್ಟು ಅತ್ತೆಯ ಮುಖ ನೋಡಿದಳು. ‘ಏಳ್ರಿ,’ ಎಂದಳು. ‘ಆದ್ರ ಇಲ್ಲಿ ಏನೂ ಕೇಳಂಗಿಲ್ಲ ಅಂದಿದ್ರಲ್ರೀ?’

‘ಬಸರ್ಯಾಗ ಹಿಂಗಾದ್ರ ಭಾಳ ಅಪಾಯ ಐತ್ರಿ. ಈಗಿಂದೀಗ ದೊಡ್ಡ ದವಾಖಾನಿಗೆ ಹೋಗ್ರಿ. ಮನಿಗೂ ಹೋಗಬ್ಯಾಡ್ರಿ.’ ಎದ್ದು, ಒಂದು ಚೀಟಿಯಲ್ಲಿ ಕಂಡದ್ದನ್ನು ಬರೆದು ಕೊಟ್ಟೆ. ಗಂಡ ಹೊರಗೆ ಬಂದು ಆಟೋ ಕರೆದರು. ತಾಯಿ ಮಗಳನ್ನು ಹತ್ತಿಸಿದಳು. ನಾನೂ ಹತ್ತಬೇಕಿತ್ತು. ಹೊಸ್ತಿಲಿನ ಒಳಗೇ ನಿಂತಿದ್ದೆ. ಕೇಳಬಾರದೆಂಬ ಕಟ್ಟುಪಾಡನ್ನು ಮುರಿದು ಇನ್ನೂ ಐದು ನಿಮಿಷವಾಗಿರಲಿಲ್ಲ, ಭಾನುವಾರ ಮನೆ ಬಿಡಬಾರದೆಂಬುದನ್ನು ಕಾಲು ಪಾಲಿಸುತ್ತಿತ್ತು.

ಅತ್ತೆ ಚಾಪೆಯ ಮೇಲಿದ್ದ ಬಟ್ಟಲನ್ನು ತೆಗೆದುಕೊಂಡು, ಕುಂಟುತ್ತಾ ಹೋಗಿ, ಔಷಧವನ್ನೆಲ್ಲ ಕರಿಬೇವಿನ ಬುಡಕ್ಕೆ ಸುರಿದರು. ‘ಇವತ್ತ ಇಲ್ರೆಪಾ. ಮುಂದಿನ ವಾರ ಬರ್ರಿ.’

‘ಮೊದಲನೇ ಬಸ್ಸಿಗೆ ಬಂದೇವ್ರೀ, ಬರೇ ಹೊಟ್ಟೀಲೆ,’ ಎಂದ ಒಬ್ಬ.

‘ಕಲ್ತ ಸೊಸೀನ ತಂದ್ರ ಮತ್ತೇನಾಕ್ಕೈತಿ?’ ಎಂದಳು ಅವನ ಪಕ್ಕದ ಹೆಂಗಸು. ‘ಇನ್ನ ಮುಂದ ಪರೀಕ್ಷಾ ಬರದು ಪಾಸಾದವ್ರಿಗೆ ಅಷ್ಟ ಔಷಧ.’

ಆ ದಿನ ಎಲ್ಲರೂ ‘ಬರ್ತೇವ್ರಿ’ ಎಂದು ಹೇಳಿಯೇ ಹೋದರು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಗಂಡ ಮೆಲ್ಲಗೆ, ‘ಆಕೀನ ನನ್ನ ಕಡೆ ಕಳಿಸಿದ್ರ ಆಗ್ತಿತ್ತು,’ ಎಂದರು.

‘ಕುಡಿಸೂಕಿಂತ ಮೊದಲೋ, ಆಮ್ಯಾಲೋ?’

ಅವರು ರೊಟ್ಟಿಯನ್ನು ಚಿಕ್ಕದಾಗಿ ಮುರಿಯುತ್ತಾ ಕುಳಿತರು. ‘ಬೋರ್ಡಿನವಗ ನಾಳೆ ಮುಂಜಾನೆ ಹೇಳಬೇಕು,’ ಎಂದರು.

ಅತ್ತೆ ಸಂಜೆಯ ತನಕ ಹಿತ್ತಲಲ್ಲೇ ಉಳಿದರು. ಸಿಟ್ಟು ಎಂದುಕೊಂಡಿದ್ದೆ. ದೀಪ ಹಚ್ಚಿ ಬಂದು ನನ್ನ ಪಕ್ಕ ಕುಳಿತು ಹೇಳಿದರು: ‘ಹಿಂದಕ ಹಿರೇಕೆರೂರ ಕಡೇಂದ ಒಬ್ಬಾಕಿ ಬಂದಿದ್ಲು. ಹಿಂಗ ಬಸರಿ. ನನಗೂ ಕೇಳಬೇಕನಿಸ್ತು.’

‘ಕೇಳಿದ್ರೇನು?’

‘ಇಲ್ಲ. ಕುಡಿಸಿದೆ, ಹೋದ್ಲು. ಮತ್ತ ಬರಲಿಲ್ಲ. ಬರಲಿಲ್ಲಂದ್ರ ಆರಾಮ ಆಗಿರತಾಳ ಅಂತ ತಿಳಕೊಂಡೆ.’ ಹೆಬ್ಬೆರಳಿನ ಉಗುರನ್ನು ಸೆರಗಿನಿಂದ ತಿಕ್ಕಿದರು. ‘ಹಂಗ ತಿಳಕೊಂಡ ಇಷ್ಟ ವರ್ಷ ಕುಂತೇನಿ.’

ಅದೇ ದನಿಯಲ್ಲಿ, ‘ಮುಂದಿನ ರವಿವಾರ ಮತ್ತ ನೀನ ಕುಂದ್ರು. ಮಂದಿ ಮರೀತಾರ,’ ಎಂದು ಎದ್ದು ಅಡುಗೆಮನೆಗೆ ಹೋದರು. ಬಟ್ಟಲನ್ನು ತೊಳೆದು ನನ್ನ ಪುಸ್ತಕಗಳಿದ್ದ ಗೂಡಿನಲ್ಲಿ ಇಟ್ಟಿದ್ದರು.

ಮರುದಿನ ಬೆಳಿಗ್ಗೆ ಆ ಬಟ್ಟಲನ್ನು ತಂದು ದೇವರ ಜಗಲಿಯ ಮೇಲೆ ಅದರ ಹಳೆಯ ಜಾಗದಲ್ಲಿಟ್ಟೆ. ಗಂಡ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ‘ಹಳದಿ ಸಾಲ ತಗಸು. ನಾ ಬಟ್ಟಲ ಹಿಡಿಯಂಗಿಲ್ಲ. ನೀ ಕುಂದ್ರೂ ಮೇಜಿನ ಹಿಂದ ಇನ್ನೊಂದು ಕುರ್ಚಿ ಹಾಕು,’ ಎಂದೆ. ಅವರು ಕಪ್ಪನ್ನು ಕೆಳಗಿಟ್ಟರು. ಒಳಗಿನಿಂದ ಅತ್ತೆಗೂ ಕೇಳಿಸಿತು. ನಾನು ಚಪ್ಪಲಿ ಮೆಟ್ಟಿದೆ.

‘ಇಷ್ಟ ಲಗೂನ ಎಲ್ಲಿಗೆ ಹೊಂಟಿ?’ ಎಂದರು ಬಾಗಿಲಿಗೆ ಬಂದು.

‘ಸವಣೂರಿಗ್ರಿ. ಆ ಹುಡುಗಿ ದವಾಖಾನಿಗೆ ಹೋದ್ಲೋ ಇಲ್ಲೋ ನೋಡಾಕ.’

ಅತ್ತೆ ಬಾಗಿಲ ಚೌಕಟ್ಟು ಹಿಡಿದರು. ‘ಯಾವ ಓಣಿ ಅಂತರೆ ಗೊತ್ತೈತೇನು?’

‘ಇಲ್ರಿ. ಕೇಳ್ತೇನಿ.’

ಬಸ್‌ಸ್ಟ್ಯಾಂಡಿನಲ್ಲಿ ಸವಣೂರಿನ ಬಸ್ಸು ನಿಂತಿತ್ತು. ಹೊಲಿಗೆಯ ತಾಯಿ, ಏಳು ತಿಂಗಳ ಬಸುರಿ ಮಗಳು. ನನ್ನ ಬಳಿ ಇದ್ದ ವಿಳಾಸ ಇಷ್ಟೇ. ಟಿಕೆಟ್ ತೆಗೆದುಕೊಳ್ಳುವಾಗ, ಕೇಳುವುದನ್ನು ಕಂಡಕ್ಟರನಿಂದಲೇ ಶುರು ಮಾಡಿದೆ.